ಬೈಟಿಗೆ ಒಂದು ಲೆಕ್ಕ, ಜಾಗಕ್ಕೆ ಇನ್ನೊಂದು

ಜಾಲದ ಮೂಲಕ ಮಾತಾಡುವ ಎರಡು ಕಂಪ್ಯೂಟರುಗಳ ವೇಗ ಒಂದೇ ಆಗಿರುವುದು ಅಪರೂಪ. ಈ ಕಡೆಯ ಸರ್ವರ್ ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಫೋಟೋವನ್ನು ಬರೆದು ಮುಗಿಸಿರುತ್ತದೆ. ಆ ಕಡೆಯ ಫೋನು ಆ ಹೊತ್ತಿನಲ್ಲಿ ಇನ್ನಾವುದೋ ಕೆಲಸದಲ್ಲಿ ಮುಳುಗಿರುತ್ತದೆ. ನಡುವೆ ಟವರ್ ಇದೆ, ಸಮುದ್ರದಡಿಯ ಕೇಬಲ್ ಇದೆ, ದಾರಿಯಲ್ಲಿ ಕಳೆದುಹೋಗುವ ಪ್ಯಾಕೆಟ್‌ಗಳಿವೆ. ಇಷ್ಟೆಲ್ಲ ಏರುಪೇರುಗಳ ನಡುವೆ ಎರಡು ಪ್ರೋಗ್ರಾಂಗಳು ಒಂದಕ್ಕೊಂದು ಕಾದು ಕೂರದಿರಲೆಂದು ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳಾದ ಕರ್ನೆಲ್ ಎರಡೂ ತುದಿಯಲ್ಲಿ ಒಂದಿಷ್ಟು ಮೆಮೊರಿಯನ್ನು ಒದಗಿಸುತ್ತದೆ. ಸಂಪರ್ಕದ ಒಂದು ತುದಿಗೆ ಸಾಕೆಟ್ ಎಂದು ಹೆಸರು. ಅದಕ್ಕೆ ಸೇರಿದ ಈ ಮೆಮೊರಿಯೇ ಸಾಕೆಟ್ ಬಫರ್. ಪ್ರತಿ ಸಾಕೆಟ್‌ಗೂ ಎರಡು ಬಫರ್: ಹೊರಹೋಗುವ ದತ್ತಾಂಶಕ್ಕೆ ಸೆಂಡ್ ಬಫರ್, ಒಳಬರುವುದಕ್ಕೆ ರಿಸೀವ್ ಬಫರ್.

ಈ ಬಫರ್‌ನಲ್ಲಿ ಈಗ ಎಷ್ಟು ಜಾಗ ಉಳಿದಿದೆ ಎಂಬ ಪ್ರಶ್ನೆಗೆ ಕರ್ನೆಲ್ ಪ್ರತಿ ಪ್ಯಾಕೆಟ್ ಬಂದಾಗಲೂ ಹೋದಾಗಲೂ ಉತ್ತರ ಕೊಡಬೇಕು. ಇದ್ದ ಜಾಗದಲ್ಲಿ ತುಂಬಿರುವುದನ್ನು ಕಳೆದರೆ ಉತ್ತರ ಸಿಕ್ಕಿತಲ್ಲ ಎನಿಸುತ್ತದೆ. ಆದರೆ ಆ ಒಂದು ಕಳೆಯುವ ಲೆಕ್ಕವನ್ನು ಸರಿಯಾಗಿ ಮಾಡಲು ಕರ್ನೆಲ್ ಬರೆಯುವವರು ನಾಲ್ಕು ದಶಕ ಹೆಣಗಿದ್ದಾರೆ. ಜಾಲದ ವೇಗ, ವೀಡಿಯೊ ಕರೆಯ ಗುಣಮಟ್ಟ, ಸರ್ವರ್‌ಗಳ ಸುರಕ್ಷತೆ ಎಲ್ಲಕ್ಕೂ ಈ ಲೆಕ್ಕದ ಜೊತೆ ನಂಟಿದೆ. ಆದ್ದರಿಂದ ಇದನ್ನು ಎಂಜಿನಿಯರುಗಳ ಪಾಡಿಗೆ ಬಿಟ್ಟು ಸುಮ್ಮನಿರಲು ನನಗೆ ಮನಸ್ಸಾಗುವುದಿಲ್ಲ.

ಮೊದಲಿಗೆ ಸೆಂಡ್ ಬಫರ್‌ನ ಕೆಲಸ ನೋಡೋಣ. ಪ್ರೋಗ್ರಾಂ ತನ್ನ ದತ್ತಾಂಶವನ್ನು ಕಳಿಸುವಂತೆ ಕರ್ನೆಲ್‌ಗೆ ಹೇಳುತ್ತದೆ. ಕರ್ನೆಲ್ ಅದನ್ನು ಸೆಂಡ್ ಬಫರ್‌ಗೆ ನಕಲು ಮಾಡಿಕೊಂಡು ‘ಆಯಿತು’ ಎನ್ನುತ್ತದೆ. ಈ ‘ಆಯಿತು’ ಅನೇಕರನ್ನು ದಾರಿ ತಪ್ಪಿಸಿದೆ. ದತ್ತಾಂಶ ಆಚೆಯ ತುದಿ ತಲುಪಿತೆಂದು ಅದರ ಅರ್ಥವಲ್ಲ. ಅದು ನಿಮ್ಮ ಯಂತ್ರವನ್ನೇ ಇನ್ನೂ ಬಿಟ್ಟಿರಲಿಕ್ಕಿಲ್ಲ. ಟಿಸಿಪಿ ಎಂಬ ಜಾಲದ ನಿಯಮಾವಳಿಯ ಸಂಪರ್ಕದಲ್ಲಿ ಕಳಿಸಿದ್ದು ತಲುಪಿತು ಎಂಬ ಸ್ವೀಕೃತಿ ಬರುವವರೆಗೂ ಕರ್ನೆಲ್ ಅದರ ಪ್ರತಿಯನ್ನು ಸೆಂಡ್ ಬಫರ್‌ನಲ್ಲೇ ಇಟ್ಟುಕೊಂಡಿರುತ್ತದೆ, ದಾರಿಯಲ್ಲಿ ಕಳೆದುಹೋದರೆ ಮತ್ತೆ ಕಳಿಸಬೇಕಲ್ಲ. ಸ್ವೀಕೃತಿ ಬಂದ ಮೇಲೆ ಅಷ್ಟು ಭಾಗವನ್ನು ಬಿಟ್ಟುಕೊಟ್ಟು, ಜಾಗಕ್ಕಾಗಿ ನಿದ್ದೆ ಹೋಗಿದ್ದ ಪ್ರೋಗ್ರಾಂ ಅನ್ನು ಎಬ್ಬಿಸುತ್ತದೆ.

ಇಂದಿನ ಸಾಕೆಟ್‌ಗಳ ಮೂಲ 1983ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದಿಂದ ಹೊರಬಂದ 4.2 ಬಿಎಸ್‌ಡಿ ಎಂಬ ಯುನಿಕ್ಸ್. ಅಲ್ಲಿನವರು ಜಾಲದ ದತ್ತಾಂಶವನ್ನು ಎಂಬಫ್ ಎಂಬ ಸಣ್ಣ ತುಣುಕುಗಳ ಸರಪಳಿಯಲ್ಲಿ ಇಡುತ್ತಿದ್ದರು. ಒಂದೊಂದು ಎಂಬಫ್‌ನ ಅಳತೆ 128 ಬೈಟ್. ಹತ್ತು ವರ್ಷದ ನಂತರ ಬಂದ 4.4 ಬಿಎಸ್‌ಡಿಯಲ್ಲಿ ಆ 128ರಲ್ಲಿ 20 ಬೈಟ್ ಎಂಬಫ್‌ನ ಸ್ವಂತ ವಿವರಕ್ಕೇ ಹೋಗಿ, ದತ್ತಾಂಶಕ್ಕೆ 108 ಉಳಿಯುತ್ತಿತ್ತು. ಹೆಚ್ಚು ದತ್ತಾಂಶವಿದ್ದರೆ ಎಂಬಫ್‌ಗೆ 2048 ಬೈಟ್‌ನ ಕ್ಲಸ್ಟರ್ ಜೋಡಿಸುತ್ತಿದ್ದರು. ಮೆಮೊರಿ ದುಬಾರಿಯಾಗಿದ್ದ ಕಾಲಕ್ಕೆ ಜಾಣ ಏರ್ಪಾಡು. ಆದರೆ ಲೆಕ್ಕದ ತೊಡಕು ಶುರುವಾಗುವುದೂ ಇಲ್ಲಿಂದಲೇ. ಯಾರೋ ಟರ್ಮಿನಲ್‌ನಲ್ಲಿ ಒಂದು ಕೀಲಿ ಒತ್ತಿದರು, ಒಂದು ಬೈಟ್ ಬಂತು. ಆ ಒಂದು ಬೈಟ್ ಕರ್ನೆಲ್‌ನಲ್ಲಿ ಹಿಡಿದ ಜಾಗ 128 ಬೈಟ್.

ಹತ್ತಿ ಹೇರಿದ ಲಾರಿಯನ್ನು ನೋಡಿ. ಹತ್ತು ಟನ್ ಹೊರುವ ಲಾರಿಗೆ ಹತ್ತಿ ತುಂಬಿದರೆ ತೂಕ ಹತ್ತು ಟನ್ ಮುಟ್ಟುವ ಎಷ್ಟೋ ಮೊದಲೇ ಇಡಲು ಜಾಗವಿರುವುದಿಲ್ಲ. ಕಬ್ಬಿಣ ತುಂಬಿದರೆ ಜಾಗ ಬೇಕಾದಷ್ಟಿದ್ದರೂ ತೂಕ ಮುಗಿದಿರುತ್ತದೆ. ಲಾರಿಯವನು ಎರಡನ್ನೂ ನೋಡಿಕೊಳ್ಳಲೇಬೇಕು. ಬರ್ಕ್ಲಿಯವರೂ ಹಾಗೆಯೇ ಮಾಡಿದರು. ಪ್ರತಿ ಸಾಕೆಟ್ ಬಫರ್‌ಗೆ ಎರಡು ಮಿತಿ ಇಟ್ಟರು. ಒಂದು ದತ್ತಾಂಶದ ಬೈಟ್‌ಗಳಿಗೆ, ಅದಕ್ಕೆ ಹೈ ವಾಟರ್ ಮಾರ್ಕ್ ಎಂದು ಹೆಸರು. ಇನ್ನೊಂದು ಆ ದತ್ತಾಂಶ ನಿಜವಾಗಿ ಆಕ್ರಮಿಸಿದ ಮೆಮೊರಿಗೆ. ಇದು ಸಾಮಾನ್ಯವಾಗಿ ಮೊದಲನೆಯದರ ಎರಡರಷ್ಟು. ಉಳಿದ ಜಾಗ ಎಷ್ಟೆಂದು ಕೇಳಿದರೆ ಎರಡೂ ಮಿತಿಗಳಲ್ಲಿ ಉಳಿದಿರುವುದನ್ನು ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅದನ್ನು ಹೇಳುವುದು. ಈ ಕೆಲಸ ಮಾಡುವ ಒಂದೆರಡು ಸಾಲಿನ ಮ್ಯಾಕ್ರೊಗೆ ಎಸ್‌ಬಿಸ್ಪೇಸ್ ಎಂದು ಹೆಸರಿಟ್ಟರು.

4.4 ಬಿಎಸ್‌ಡಿಯಲ್ಲಿ ಟಿಸಿಪಿಯ ಮಾಮೂಲಿ ಬಫರ್ 8192 ಬೈಟ್. ಅಂದರೆ ಮೆಮೊರಿಯ ಮಿತಿ 16384. ಒಂದೊಂದೇ ಬೈಟ್ ಒಂದೊಂದು ಎಂಬಫ್‌ನಲ್ಲಿ ಬಂದು ಹಾಗೆಯೇ ಕೂತರೆ 128 ಬೈಟ್ ದತ್ತಾಂಶಕ್ಕೇ ಆ ಮೆಮೊರಿಯೆಲ್ಲ ತುಂಬಿಹೋಗುತ್ತದೆ. 8192 ಬೈಟ್ ಕೊಡುತ್ತೇನೆಂದವನು 128ಕ್ಕೇ ಕೈ ಚೆಲ್ಲಿದ ಹಾಗೆ. ಇದನ್ನು ತಪ್ಪಿಸಲು ಹೊಸದಾಗಿ ಬಂದ ಚಿಕ್ಕ ತುಣುಕನ್ನು ಹಿಂದಿನ ಎಂಬಫ್‌ನಲ್ಲಿ ಜಾಗವಿದ್ದರೆ ಅಲ್ಲಿಗೇ ನಕಲು ಮಾಡಿ ಸೇರಿಸುವ ಪದ್ಧತಿಯನ್ನೂ ತಂದರು. ನಕಲು ಮಾಡಲು ಸಮಯ ಖರ್ಚಾಗುತ್ತದೆ, ಮೆಮೊರಿ ಉಳಿಯುತ್ತದೆ. ಈ ಕೊಡುಕೊಳ್ಳುವಿಕೆ ಅಂದಿನಿಂದ ಇಂದಿನವರೆಗೂ ಎಲ್ಲ ಕರ್ನೆಲ್‌ಗಳಲ್ಲೂ ಮುಂದುವರಿದಿದೆ.

ಎಸ್‌ಬಿಸ್ಪೇಸ್ ಎದುರಿಗೆ ಕರ್ನೆಲ್ ಬರೆದವರು ಒಂದು ಎಚ್ಚರಿಕೆಯ ಟಿಪ್ಪಣಿಯನ್ನೂ ಬರೆದಿಟ್ಟಿದ್ದರು: ಉಳಿದ ಜಾಗ ಸೊನ್ನೆಗಿಂತ ಕಡಿಮೆ ಆಗಬಹುದು ಎಂದು. ಖಾಲಿ ಜಾಗ ಋಣಾತ್ಮಕವಾಗುವುದು ಹೇಗೆ? ಬಫರ್‌ನಲ್ಲಿ 9000 ಬೈಟ್ ಇರುವಾಗಲೇ ಪ್ರೋಗ್ರಾಂ ತನ್ನ ಮಿತಿಯನ್ನು 8192ಕ್ಕೆ ಇಳಿಸಿದರೆ ಹಾಗಾಗುತ್ತದೆ. ಬೈಟ್‌ಗಳ ಲೆಕ್ಕದಲ್ಲಿ ಒಪ್ಪಿಕೊಂಡ ದತ್ತಾಂಶ ಚೂರುಚೂರಾಗಿ ಬಂದು ಮೆಮೊರಿಯ ಮಿತಿಯನ್ನು ದಾಟಿದರೂ ಹಾಗಾಗುತ್ತದೆ. ಚಿಹ್ನೆಯಿಲ್ಲದ 32 ಬಿಟ್ ಸಂಖ್ಯೆಗಳಲ್ಲಿ 8192ರಿಂದ 9000 ಕಳೆದರೆ ಸಿಗುವ ಉತ್ತರ 4294966488. ತುಂಬಿ ತುಳುಕುತ್ತಿರುವ ಬಫರ್‌ನಲ್ಲಿ ನಾನೂರು ಕೋಟಿ ಬೈಟ್‌ಗೂ ಹೆಚ್ಚು ಜಾಗವಿದೆ ಎಂದು ಕರ್ನೆಲ್ ನಂಬಿಬಿಡುತ್ತದೆ. ಅದಕ್ಕೇ ಆ ಮ್ಯಾಕ್ರೊದಲ್ಲಿ ಕಳೆದ ಉತ್ತರವನ್ನು ಚಿಹ್ನೆಯುಳ್ಳ ಸಂಖ್ಯೆಯಾಗಿ ಓದುವಂತೆ ಬರೆದರು. ಎರಡು ಸಾಲಿನ ಆ ಕೋಡ್ ಅನ್ನು ನಾನು ಗೌರವದಿಂದ ನೋಡುತ್ತೇನೆ. ಬರೆದವರಿಗೆ ಎಲ್ಲಿ ಅಪಾಯವಿದೆ ಎಂದು ತಿಳಿದಿತ್ತು, ಮುಂದೆ ಬರುವವರಿಗೂ ತಿಳಿಯಲೆಂದು ಹೇಳಿಯೂ ಹೋದರು.

ರಿಸೀವ್ ಬಫರ್‌ನ ಕಥೆ ಇನ್ನಷ್ಟು ಸೂಕ್ಷ್ಮ. ಟಿಸಿಪಿಯಲ್ಲಿ ಸ್ವೀಕರಿಸುವ ಕಡೆಯವನು ತಾನು ಕಳಿಸುವ ಪ್ರತಿ ಪ್ಯಾಕೆಟ್‌ನಲ್ಲೂ ‘ಇನ್ನು ಇಷ್ಟು ಬೈಟ್ ತೆಗೆದುಕೊಳ್ಳಬಲ್ಲೆ’ ಎಂದು ತಿಳಿಸುತ್ತಾನೆ. ಇದಕ್ಕೆ ವಿಂಡೊ ಎನ್ನುತ್ತಾರೆ. ಬಫರ್ ತುಂಬುತ್ತಾ ಬಂದಂತೆ ವಿಂಡೊ ಕಿರಿದಾಗುತ್ತದೆ, ಪೂರ್ತಿ ತುಂಬಿದರೆ ಸೊನ್ನೆಯಾಗುತ್ತದೆ, ಕಳಿಸುವವನು ನಿಲ್ಲುತ್ತಾನೆ. ವಿಂಡೊ ಮತ್ತೆ ತೆರೆಯಿತೆಂದು ಹೇಳುವ ಪ್ಯಾಕೆಟ್ಟೇ ಕಳೆದುಹೋದರೆ ಇಬ್ಬರೂ ಕಾಯುತ್ತಲೇ ಕೂರಬಾರದಲ್ಲ, ಅದಕ್ಕಾಗಿ ಕಳಿಸುವವನು ಆಗಾಗ ಒಂದು ಪುಟ್ಟ ಪ್ಯಾಕೆಟ್ ಕಳಿಸಿ ಕೇಳಿ ನೋಡುತ್ತಾನೆ.

ಒಮ್ಮೆ ಹೇಳಿದ ವಿಂಡೊವನ್ನು ಹಿಂತೆಗೆದುಕೊಳ್ಳಬಾರದು ಎಂಬುದು ಟಿಸಿಪಿಯ ಹಳೆಯ ಕಟ್ಟುಪಾಡು. 1981ರಲ್ಲಿ ಬಂದ ಟಿಸಿಪಿಯ ಮೂಲ ದಾಖಲೆ ಆರ್‌ಎಫ್‌ಸಿ 793ರಲ್ಲೇ ಈ ಎಚ್ಚರಿಕೆ ಇದೆ. ಕಾರಣ ಸರಳ. ನಿಮ್ಮ ಮಾತು ನಂಬಿ ಆಚೆಯವನು ಆಗಲೇ ಕಳಿಸಿರುತ್ತಾನೆ. ಆ ಪ್ಯಾಕೆಟ್‌ಗಳು ದಾರಿಯಲ್ಲಿವೆ. ಹೀಗಾಗಿ ಕರ್ನೆಲ್ ತನ್ನ ಬಳಿ ಈ ಕ್ಷಣ ಇರುವ ಜಾಗವನ್ನು ನೋಡಿ ಕೊಡುವ ಮಾತು ಮುಂದೆ ಬರಲಿರುವ ದತ್ತಾಂಶಕ್ಕೆ ಅನ್ವಯಿಸುತ್ತದೆ. ಇಲ್ಲೇ ನೋಡಿ ಗಂಟು ಇರುವುದು: ಮಾತು ಕೊಡುವುದು ಬೈಟ್‌ಗಳಲ್ಲಿ, ತೆರಬೇಕಾದದ್ದು ಮೆಮೊರಿಯಲ್ಲಿ. ಸಾವಿರ ಬೈಟ್ ಒಂದೇ ಪ್ಯಾಕೆಟ್‌ನಲ್ಲಿ ಬರುತ್ತದೋ ಸಾವಿರ ಪ್ಯಾಕೆಟ್‌ಗಳಲ್ಲಿ ಬರುತ್ತದೋ ಮಾತು ಕೊಡುವ ಹೊತ್ತಿಗೆ ಗೊತ್ತಿರುವುದಿಲ್ಲ, ಆ ಆಯ್ಕೆ ಕಳಿಸುವವನದು. ಸಾಕೆಟ್ ಬಫರ್‌ಗಳ ಇತಿಹಾಸದ ಬಹುಪಾಲು ತಲೆನೋವು ಈ ಒಂದು ಅಂತರದಿಂದಲೇ ಹುಟ್ಟಿದ್ದು.

ಸಣ್ಣ ತುಣುಕುಗಳ ಕಾಟ ಎಷ್ಟು ಹಳೆಯದೆಂದರೆ, 1982ರಲ್ಲೇ ಡೇವಿಡ್ ಕ್ಲಾರ್ಕ್ ಆರ್‌ಎಫ್‌ಸಿ 813ರಲ್ಲಿ ‘ಸಿಲ್ಲಿ ವಿಂಡೊ ಸಿಂಡ್ರೋಮ್’ ಎಂಬ ಕಾಯಿಲೆಯನ್ನು ವಿವರಿಸಿದ್ದರು. ಬಫರ್‌ನಲ್ಲಿ ಹತ್ತು ಬೈಟ್ ಖಾಲಿಯಾದ ಕೂಡಲೇ ಸ್ವೀಕರಿಸುವವನು ‘ಹತ್ತು ಬೈಟ್ ಕಳಿಸು’ ಎನ್ನುತ್ತಾನೆ. ಕಳಿಸುವವನು ಹತ್ತೇ ಬೈಟ್‌ಗೆ 40 ಬೈಟ್‌ನ ಹೆಡರ್, ಅಂದರೆ ವಿಳಾಸ ಮುಂತಾದ ವಿವರ, ಹೊದಿಸಿ ಕಳಿಸುತ್ತಾನೆ. ಅದು ಓದಿ ಮುಗಿದರೆ ಮತ್ತೆ ಹತ್ತು. ಒಮ್ಮೆ ಈ ಸುಳಿಗೆ ಸಿಕ್ಕ ಸಂಪರ್ಕ ತಾನಾಗಿ ಹೊರಬರುವುದಿಲ್ಲ. ಬಿಎಸ್‌ಡಿಯ ಪರಿಹಾರ ಇಂದಿಗೂ ಚೆಂದವಾಗಿದೆ: ಖಾಲಿ ಜಾಗ ಇಡೀ ಬಫರ್‌ನ ಕಾಲು ಭಾಗಕ್ಕಿಂತಲೂ, ಒಂದು ಪೂರ್ಣ ಪ್ಯಾಕೆಟ್‌ಗಿಂತಲೂ ಕಡಿಮೆಯಿದ್ದರೆ ಜಾಗವೇ ಇಲ್ಲ ಎಂದು ಹೇಳಿಬಿಡುವುದು. ಕೊಟ್ಟ ಮಾತನ್ನು ಮುರಿಯದ ಹಾಗೆ, ಹೊಸ ಮಾತು ಕೊಡುವುದನ್ನು ಮಾತ್ರ ತಡೆಹಿಡಿಯುವುದು.

ಜಾಲದ ಇನ್ನೊಂದು ನಿಯಮಾವಳಿಯಾದ ಯುಡಿಪಿಯಲ್ಲಿ ಇಂಥ ಮಾತುಕತೆಯೇ ಇಲ್ಲ. ರಿಸೀವ್ ಬಫರ್‌ನಲ್ಲಿ ಜಾಗವಿಲ್ಲದಿದ್ದರೆ ಪ್ಯಾಕೆಟ್ ಅನ್ನು ಸದ್ದಿಲ್ಲದೆ ಬಿಸಾಡಲಾಗುತ್ತದೆ. ಕಳಿಸಿದವನಿಗೂ ತಿಳಿಯುವುದಿಲ್ಲ, ಓದುವ ಪ್ರೋಗ್ರಾಂಗೂ ತಿಳಿಯುವುದಿಲ್ಲ. ಕರ್ನೆಲ್‌ನ ಅಂಕಿಅಂಶದಲ್ಲಿ ಒಂದು ಎಣಿಕೆ ಏರುತ್ತದೆ ಅಷ್ಟೆ. 4.4 ಬಿಎಸ್‌ಡಿಯಲ್ಲಿ ಯುಡಿಪಿಯ ರಿಸೀವ್ ಬಫರ್ 41600 ಬೈಟ್. ವಿಚಿತ್ರವಾಗಿ ಕಾಣುವ ಈ ಸಂಖ್ಯೆಯ ಹಿಂದೆ ಲೆಕ್ಕವಿದೆ: 1024 ಬೈಟ್‌ನ 40 ಪ್ಯಾಕೆಟ್‌ಗಳು, ಪ್ರತಿಯೊಂದರ ಜೊತೆ ಕಳಿಸಿದವರ ವಿಳಾಸಕ್ಕೆ 16 ಬೈಟ್. ವಿಳಾಸವೂ ಜಾಗ ತಿನ್ನುತ್ತದೆ ಎಂಬುದನ್ನು ಅವರು ಮರೆಯಲಿಲ್ಲ.

ಹಾಗಾದರೆ ಬಫರ್ ಎಷ್ಟು ದೊಡ್ಡದಿರಬೇಕು? ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14 ಸಾವಿರ ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಹೋಗುತ್ತದೆ. ನೇರ ದಾರಿಯಿದ್ದರೂ ಹೋಗಿಬರಲು 140 ಮಿಲಿಸೆಕೆಂಡ್ ಬೇಕು. ಕೇಬಲ್ಲುಗಳು ಸುತ್ತಿ ಬಳಸಿ ಹೋಗುವುದರಿಂದ ವಾಸ್ತವದಲ್ಲಿ 200 ದಾಟುತ್ತದೆ. ಕಳಿಸಿದ್ದಕ್ಕೆ ಸ್ವೀಕೃತಿ ಬರುವವರೆಗೆ, ಅಂದರೆ ಈ 200 ಮಿಲಿಸೆಕೆಂಡ್‌ಗಳಲ್ಲಿ, ಒಂದು ಬಫರ್ ತುಂಬುವಷ್ಟನ್ನು ಮಾತ್ರ ಕಳಿಸಲು ಸಾಧ್ಯ. ಬಿಎಸ್‌ಡಿಯ 8192 ಬೈಟ್ ಬಫರ್ ಇಟ್ಟುಕೊಂಡು ಆ ದೂರಕ್ಕೆ ಮಾತಾಡಿದರೆ ಸೆಕೆಂಡಿಗೆ 40 ಕೆಬಿಯಷ್ಟೇ ಸಾಗುತ್ತದೆ. ನಿಮ್ಮ ಮನೆಗೆ 100 ಮೆಗಾಬಿಟ್‌ನ ಫೈಬರ್ ಇದ್ದರೂ ಅಷ್ಟೇ, ಗಿಗಾಬಿಟ್ ಇದ್ದರೂ ಅಷ್ಟೇ. 100 ಮೆಗಾಬಿಟ್ ಪೂರ್ತಿ ಬಳಸಬೇಕಾದರೆ ದಾರಿಯಲ್ಲಿ ಎರಡೂವರೆ ಎಂಬಿ ದತ್ತಾಂಶ ಸದಾ ಸಾಗುತ್ತಿರಬೇಕು, ಅಷ್ಟು ಬಫರ್ ಎರಡೂ ತುದಿಯಲ್ಲಿ ಇರಬೇಕು.

ಟಿಸಿಪಿಯ ಹೆಡರ್‌ನಲ್ಲಿ ವಿಂಡೊಗೆ ಇದ್ದದ್ದು 16 ಬಿಟ್, ಅಂದರೆ ಹೆಚ್ಚೆಂದರೆ 65535 ಬೈಟ್. ಇಷ್ಟರಲ್ಲಿ ಅದೇ ದೂರಕ್ಕೆ ಸಿಗುವುದು ಸೆಕೆಂಡಿಗೆ 2.6 ಮೆಗಾಬಿಟ್. 1992ರಲ್ಲಿ ಆರ್‌ಎಫ್‌ಸಿ 1323 ಇದಕ್ಕೆ ದಾರಿ ತೋರಿತು. ಸಂಪರ್ಕ ಆರಂಭವಾಗುವಾಗಲೇ ಎರಡೂ ಕಡೆಯವರು ಒಂದು ಗುಣಕವನ್ನು ಒಪ್ಪಿಕೊಂಡರೆ ವಿಂಡೊವನ್ನು ಸುಮಾರು ಒಂದು ಗಿಗಾಬೈಟ್‌ವರೆಗೆ ಹಿಗ್ಗಿಸಬಹುದು. ದಾರಿಯೇನೋ ತೆರೆಯಿತು, ಆದರೆ ಎಷ್ಟು ಹಿಗ್ಗಿಸಬೇಕೆಂದು ಹೇಳುವವರು ಯಾರು? ತೊಂಬತ್ತರ ದಶಕದಲ್ಲಿ ದೂರದೂರದ ಸೂಪರ್ ಕಂಪ್ಯೂಟರುಗಳ ನಡುವೆ ದತ್ತಾಂಶ ಸಾಗಿಸುವ ವಿಜ್ಞಾನಿಗಳು ಕೈಯಾರೆ ಬಫರ್ ಅಳತೆ ಲೆಕ್ಕ ಹಾಕಿ ಹೊಂದಿಸುತ್ತಿದ್ದರು. ಈ ಕೆಲಸ ಬಲ್ಲವರಿಗೆ ಸಿಗುವ ವೇಗಕ್ಕೂ ಉಳಿದವರಿಗೆ ಸಿಗುವ ವೇಗಕ್ಕೂ ಇದ್ದ ಕಂದಕಕ್ಕೆ ಮ್ಯಾಟ್ ಮ್ಯಾಥಿಸ್ ‘ವಿಝರ್ಡ್ ಗ್ಯಾಪ್’ ಎಂದು ಹೆಸರಿಟ್ಟರು. ಒಂದೇ ತಂತಿ, ಒಂದೇ ಯಂತ್ರ. ಬಫರ್‌ನ ಸಂಖ್ಯೆ ಗೊತ್ತಿದ್ದವನಿಗೆ ಹತ್ತಾರು ಪಟ್ಟು ವೇಗ. ಇದು ಅನ್ಯಾಯವೆಂದೇ ನನ್ನ ಭಾವನೆ, ಮತ್ತು ಅದನ್ನು ಅನ್ಯಾಯವೆಂದು ಕಂಡವರು ಆ ಕ್ಷೇತ್ರದಲ್ಲೇ ಇದ್ದದ್ದು ನಮ್ಮ ಪುಣ್ಯ.

1998ರಲ್ಲಿ ಪಿಟ್ಸ್‌ಬರ್ಗ್ ಸೂಪರ್‌ಕಂಪ್ಯೂಟಿಂಗ್ ಸೆಂಟರ್‌ನ ಸೆಮ್ಕೆ, ಮಹ್ದವಿ ಮತ್ತು ಮ್ಯಾಥಿಸ್ ಸೆಂಡ್ ಬಫರ್ ತಾನೇ ತನ್ನ ಅಳತೆ ಹೊಂದಿಸಿಕೊಳ್ಳುವ ವಿಧಾನವನ್ನು ಪ್ರಕಟಿಸಿದರು. ಅದರ ಬೆನ್ನಿಗೇ ಲಾಸ್ ಅಲಮೋಸ್ ಪ್ರಯೋಗಾಲಯದವರು ರಿಸೀವ್ ಬಫರ್‌ಗೂ ಇಂಥ ಉಪಾಯ ಕೊಟ್ಟರು. ಒಂದು ಸುತ್ತು ಹೋಗಿಬರುವ ಸಮಯದಲ್ಲಿ ಪ್ರೋಗ್ರಾಂ ಎಷ್ಟು ಬೈಟ್ ಓದಿತು ಎಂದು ಕರ್ನೆಲ್ ಅಳೆಯುತ್ತದೆ. ಅದರ ಎರಡರಷ್ಟು ಜಾಗ ಕೊಡುತ್ತದೆ. ಎರಡರಷ್ಟೇಕೆಂದರೆ, ಹೊಸ ಸಂಪರ್ಕದಲ್ಲಿ ಕಳಿಸುವವನು ಪ್ರತಿ ಸುತ್ತಿಗೂ ತನ್ನ ವೇಗವನ್ನು ಇಮ್ಮಡಿಗೊಳಿಸುತ್ತಾ ಹೋಗುತ್ತಾನೆ, ಅವನ ಕಾಲಿಗೆ ಬಫರ್ ತೊಡರಬಾರದು. ಲಿನಕ್ಸ್ 2.6 ಸರಣಿಯಲ್ಲಿ, ಆಮೇಲೆ ವಿಂಡೋಸ್ ವಿಸ್ತಾ ಮತ್ತು ಫ್ರೀಬಿಎಸ್‌ಡಿ 7ರಲ್ಲಿ ಈ ಬಗೆಯ ಸ್ವಯಂಹೊಂದಾಣಿಕೆ ಮಾಮೂಲಿಯಾಯಿತು. ಇಂದು ನಿಮ್ಮ ಫೋನು ಯಾರ ಕೈಯೂ ತಾಗದೆ ಆ ವಿಜ್ಞಾನಿಗಳಿಗಿಂತ ಚೆನ್ನಾಗಿ ಈ ಕೆಲಸ ಮಾಡುತ್ತದೆ.

ಇದನ್ನು ತಿಳಿಯದೆ ಪ್ರೋಗ್ರಾಂ ಬರೆಯುವವರು ಮಾಡುವ ಒಂದು ಕೆಲಸದ ಬಗ್ಗೆ ಹೇಳಲೇಬೇಕು. ‘ಬಫರ್ ದೊಡ್ಡದಿದ್ದರೆ ವೇಗ ಹೆಚ್ಚು’ ಎಂದು ಎಲ್ಲೋ ಓದಿ ಎಸ್‌ಒ ಆರ್‌ಸಿವಿಬಫ್ ಎಂಬ ಆಯ್ಕೆಯಿಂದ ತಾವೇ ಒಂದು ಸಂಖ್ಯೆ ಹಾಕಿಬಿಡುತ್ತಾರೆ. ಲಿನಕ್ಸ್‌ನಲ್ಲಿ ಹಾಗೆ ಹಾಕಿದೊಡನೆ ಆ ಸಾಕೆಟ್‌ಗೆ ಸ್ವಯಂಹೊಂದಾಣಿಕೆ ನಿಂತುಹೋಗುತ್ತದೆ. ಜೊತೆಗೆ ಆ ಸಂಖ್ಯೆ ವ್ಯವಸ್ಥೆಯ ಗರಿಷ್ಠ ಮಿತಿಯನ್ನು ಮೀರಿದ್ದರೆ ಕರ್ನೆಲ್ ಅದನ್ನು ಮಾತಿಲ್ಲದೆ ಕತ್ತರಿಸುತ್ತದೆ, ದೋಷವೆಂದೂ ಹೇಳುವುದಿಲ್ಲ. ವೇಗಕ್ಕೆಂದು ಬರೆದ ಒಂದು ಸಾಲು ವೇಗಕ್ಕೇ ಕಲ್ಲು ಹಾಕುತ್ತದೆ. ಟಿಸಿಪಿಯಲ್ಲಿ ಆ ಆಯ್ಕೆಯನ್ನು ಮುಟ್ಟದಿರುವುದೇ ಬಹುತೇಕರಿಗೆ ಒಳ್ಳೆಯದು.

ಲಿನಕ್ಸ್ ಇನ್ನೊಂದು ಸೋಜಿಗವನ್ನೂ ಮಾಡುತ್ತದೆ. ನೀವು ಒಂದು ಲಕ್ಷ ಬೈಟ್ ಕೇಳಿದರೆ ಎರಡು ಲಕ್ಷ ಬರೆದುಕೊಳ್ಳುತ್ತದೆ. ಎಷ್ಟಿದೆ ಎಂದು ವಾಪಸು ಕೇಳಿದರೂ ಎರಡು ಲಕ್ಷವೆಂದೇ ಹೇಳುತ್ತದೆ. ಬಿಎಸ್‌ಡಿಯಲ್ಲಿ ಎರಡು ಮಿತಿಗಳಿದ್ದವಲ್ಲ, ಲಿನಕ್ಸ್ ಎರಡನ್ನೂ ಸೇರಿಸಿ ಒಂದೇ ಲೆಕ್ಕ ಇಟ್ಟುಕೊಂಡಿದೆ: ಅದು ಎಣಿಸುವುದು ನಿಜವಾಗಿ ಖರ್ಚಾದ ಮೆಮೊರಿಯನ್ನು. ಪ್ಯಾಕೆಟ್‌ನ ವಿವರ ಹಿಡಿದ ರಚನೆ, ಅದರ ಅನುಬಂಧ, ದತ್ತಾಂಶಕ್ಕೆ ಮೀಸಲಿಟ್ಟ ಜಾಗ, ಎಲ್ಲವೂ ಕೂಡಿದ ಮೊತ್ತಕ್ಕೆ ಅಲ್ಲಿ ಟ್ರೂಸೈಜ್ ಎಂದು ಹೆಸರು. ಪ್ರೋಗ್ರಾಂ ಕೇಳುವುದು ದತ್ತಾಂಶದ ಲೆಕ್ಕದಲ್ಲಿ, ಕರ್ನೆಲ್ ನಡೆಯುವುದು ಟ್ರೂಸೈಜ್ ಲೆಕ್ಕದಲ್ಲಿ. ಆ ಅಂತರಕ್ಕಾಗಿ ಇಮ್ಮಡಿ. 64 ಬಿಟ್ ಯಂತ್ರಗಳ ಲಿನಕ್ಸ್‌ನಲ್ಲಿ ಬಹಳ ವರ್ಷ ಸಾಕೆಟ್ ಬಫರ್‌ನ ಮಾಮೂಲಿ ಗರಿಷ್ಠ ಮಿತಿ 212992 ಎಂದಿತ್ತು. ಸರ್ವರ್ ನೋಡಿಕೊಳ್ಳುವ ಎಷ್ಟೋ ಜನರಿಗೆ ಈ ಅಂಕಿ ಬಾಯಿಪಾಠ. ಅದು ಬಂದದ್ದು ಹೀಗೆ: 256 ಬೈಟ್ ದತ್ತಾಂಶವಿರುವ ಪ್ಯಾಕೆಟ್‌ಗೆ ತಗಲುವ ಮೆಮೊರಿ 832 ಬೈಟ್, ಅಂಥ 256 ಪ್ಯಾಕೆಟ್‌ಗಳಿಗೆ 212992. ದತ್ತಾಂಶದ ಮೂರು ಪಟ್ಟಿಗೂ ಹೆಚ್ಚು ಮೆಮೊರಿ.

ಟ್ರೂಸೈಜ್ ನಂಬಿಕಸ್ತವಾಗಿರಬೇಕಾದರೆ ಜಾಲದ ಕಾರ್ಡ್ ನಡೆಸುವ ಡ್ರೈವರ್‌ಗಳು ಸತ್ಯ ಹೇಳಬೇಕು. ಎಷ್ಟೋ ಡ್ರೈವರ್‌ಗಳು ಪ್ಯಾಕೆಟ್‌ಗೆಂದು ಇಡೀ ಮೆಮೊರಿ ಪುಟವನ್ನು, ಅಂದರೆ 4096 ಬೈಟ್ ತೆಗೆದುಕೊಂಡು, ಬಂದ ದತ್ತಾಂಶದಷ್ಟನ್ನೇ ಲೆಕ್ಕಕ್ಕೆ ಹಚ್ಚುತ್ತಿದ್ದವು. ಹೀಗಾದರೆ ಮಿತಿ ಮೀರಿಲ್ಲವೆಂದು ಕಾಗದದ ಮೇಲೆ ಕಂಡರೂ ಯಂತ್ರದ ಮೆಮೊರಿ ಬರಿದಾಗಿರುತ್ತದೆ. 2011ರಲ್ಲಿ ಲಿನಕ್ಸ್ ಕರ್ನೆಲ್ ಬರೆಯುವವರಲ್ಲಿ ಒಬ್ಬರಾದ ಎರಿಕ್ ಡ್ಯುಮಾಜೆ ಈ ಲೆಕ್ಕಗಳನ್ನು ಒಂದೊಂದಾಗಿ ಸರಿಪಡಿಸುತ್ತಾ ಹೋದರು. ಲೆಕ್ಕ ಪ್ರಾಮಾಣಿಕವಾದಾಗ ಅದುವರೆಗೆ ಸುಖವಾಗಿದ್ದ ಕೆಲವು ಸಂಪರ್ಕಗಳ ವಿಂಡೊ ಚಿಕ್ಕದಾಗುವುದು ಸಹಜ. ಆದರೂ ಅವರು ಮಾಡಿದ್ದೇ ಸರಿ. ಸುಳ್ಳು ಲೆಕ್ಕದ ಮೇಲೆ ನಿಂತ ವೇಗ ಯಂತ್ರದ ಮೇಲೆ ಒತ್ತಡ ಬಿದ್ದ ದಿನ ಕುಸಿಯುತ್ತದೆ.

ದೊಡ್ಡ ಬಫರ್‌ಗೂ ಅದರದೇ ಪಿಡುಗಿದೆ. ಸೆಂಡ್ ಬಫರ್‌ನಲ್ಲಿ ಎರಡು ಬಗೆಯ ದತ್ತಾಂಶ ಕೂತಿರುತ್ತದೆ: ಕಳಿಸಿ ಆಗಿದ್ದು ಸ್ವೀಕೃತಿಗಾಗಿ ಕಾಯುತ್ತಿರುವುದು, ಮತ್ತು ಇನ್ನೂ ಕಳಿಸದೇ ಇರುವುದು. ಮೊದಲನೆಯದು ಬೇಕೇಬೇಕು. ಎರಡನೆಯದು ಹೆಚ್ಚಿದಷ್ಟೂ ಹಳಸುತ್ತದೆ. ವೀಡಿಯೊ ಕರೆಯಲ್ಲಿ ಜಾಲ ನಿಧಾನವಾದಾಗ ಬಫರ್‌ನಲ್ಲಿ ಮೂರು ಸೆಕೆಂಡಿನ ಚಿತ್ರ ಸಾಲುಗಟ್ಟಿದರೆ, ಪ್ರೋಗ್ರಾಂ ಚಿತ್ರದ ಗುಣಮಟ್ಟ ತಗ್ಗಿಸಿದರೂ ಆ ಮೂರು ಸೆಕೆಂಡಿನ ಹಳೆಯ ಚಿತ್ರ ಮೊದಲು ಹೋಗಬೇಕು. ಒಮ್ಮೆ ಕರ್ನೆಲ್‌ಗೆ ಒಪ್ಪಿಸಿದ್ದನ್ನು ವಾಪಸು ಪಡೆಯಲಾಗದು. ದಾರಿಯುದ್ದಕ್ಕೂ ರೂಟರುಗಳಲ್ಲಿ ಇದೇ ಬಗೆಯ ಅತಿಯಾದ ಬಫರ್ ತುಂಬಿಕೊಂಡಿರುವುದನ್ನು 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ತಮ್ಮ ಮನೆಯ ಜಾಲದಲ್ಲೇ ಪತ್ತೆ ಹಚ್ಚಿ, ಬಫರ್‌ಬ್ಲೋಟ್ ಎಂದು ಕರೆದರು. ಲಿನಕ್ಸ್ 2012ರಲ್ಲಿ ಒಂದೊಂದು ಸಾಕೆಟ್ ಜಾಲದ ಕಾರ್ಡ್‌ನ ಸರದಿಯಲ್ಲಿ ಎಷ್ಟು ದತ್ತಾಂಶ ತುಂಬಬಹುದೆಂಬುದಕ್ಕೆ ಮಿತಿ ಹಾಕಿತು. ಮರುವರ್ಷ ‘ಕಳಿಸದೆ ಉಳಿದದ್ದು ಇಷ್ಟಕ್ಕಿಂತ ಕಡಿಮೆಯಾದಾಗ ಮಾತ್ರ ನನ್ನನ್ನು ಎಬ್ಬಿಸು’ ಎಂದು ಪ್ರೋಗ್ರಾಂ ಹೇಳಬಹುದಾದ ಆಯ್ಕೆ ಬಂತು. ಬಫರ್‌ನ ಗಾತ್ರ ತಗ್ಗಿಸದೆ ಅದರೊಳಗಿನ ಹಳಸಲನ್ನು ಮಾತ್ರ ತಗ್ಗಿಸುವ ಇದನ್ನು ನೇರಪ್ರಸಾರದ ಕೆಲಸ ಮಾಡುವ ಪ್ರತಿಯೊಬ್ಬರೂ ಬಳಸಬೇಕೆಂದು ನನ್ನ ಆಸೆ.

ಒಂದು ಸಾಕೆಟ್‌ನ ಲೆಕ್ಕ ಸರಿಹೋದರೂ ಇಡೀ ಯಂತ್ರದ ಲೆಕ್ಕ ಬೇರೆಯೇ ಇದೆ. ಟಿಸಿಪಿಯ ರಿಸೀವ್ ಬಫರ್ ಲಿನಕ್ಸ್‌ನಲ್ಲಿ ಬಹಳ ವರ್ಷ ಸಾಮಾನ್ಯವಾಗಿ 6 ಎಂಬಿವರೆಗೆ ಬೆಳೆಯಬಹುದಾಗಿತ್ತು. ಒಂದು ಲಕ್ಷ ಸಂಪರ್ಕಗಳಿರುವ ಸರ್ವರ್‌ನಲ್ಲಿ ಎಲ್ಲರೂ ಅಷ್ಟನ್ನು ತುಂಬಿಕೊಂಡರೆ ಸುಮಾರು 600 ಜಿಬಿ. ಎಲ್ಲರೂ ಒಟ್ಟಿಗೆ ತುಂಬಿಕೊಳ್ಳುವುದಿಲ್ಲ ಎಂಬ ಭರವಸೆಯ ಮೇಲೆ ಈ ವ್ಯವಸ್ಥೆ ನಿಂತಿದೆ. ಅದಕ್ಕೆ ಬೇಲಿಯಾಗಿ ಒಟ್ಟು ಟಿಸಿಪಿ ಮೆಮೊರಿಗೆ ಮೂರು ಹಂತದ ಗಡಿಗಳಿವೆ. ನಡುವಿನ ಗಡಿ ದಾಟಿದರೆ ಕರ್ನೆಲ್ ಬಫರ್‌ಗಳನ್ನು ಬೆಳೆಯಬಿಡುವುದಿಲ್ಲ. ಕೊನೆಯದನ್ನು ಮುಟ್ಟಿದರೆ ಹೊಸದಾಗಿ ಮೆಮೊರಿ ಕೊಡುವುದನ್ನು ನಿಲ್ಲಿಸುತ್ತದೆ.

ಈ ಲೆಕ್ಕದ ಬಿರುಕುಗಳಲ್ಲಿ ಕೈ ಹಾಕುವವರೂ ಇದ್ದಾರೆ. ರಿಸೀವ್ ಬಫರ್ ಮಿತಿ ಮೀರಿದಾಗ ಲಿನಕ್ಸ್ ಚಿಕ್ಕ ಪ್ಯಾಕೆಟ್‌ಗಳನ್ನು ಒಟ್ಟುಗೂಡಿಸಿ ಮೆಮೊರಿ ಉಳಿಸಲು ನೋಡುತ್ತದೆ, ಬಿಎಸ್‌ಡಿಯಲ್ಲಿ ಕಂಡ ನಕಲು ಮಾಡುವಂಥದೇ ಉಪಾಯ. 2018ರ ಆಗಸ್ಟ್‌ನಲ್ಲಿ ಬೆಳಕಿಗೆ ಬಂದ ಸೆಗ್ಮೆಂಟ್‌ಸ್ಮ್ಯಾಕ್ ಎಂಬ ದೋಷದಲ್ಲಿ ದಾಳಿಕೋರ ಬೇಕೆಂದೇ ಕ್ರಮ ತಪ್ಪಿದ ಪುಟಾಣಿ ಪ್ಯಾಕೆಟ್‌ಗಳನ್ನು ಕಳಿಸಿ, ಕರ್ನೆಲ್ ಮತ್ತೆ ಮತ್ತೆ ಆ ಸಾಲನ್ನು ಜಾಲಾಡುತ್ತಾ ಕೂರುವಂತೆ ಮಾಡಬಹುದಿತ್ತು. ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ಇದನ್ನು ಕಂಡುಹಿಡಿದರು. ಸ್ವಲ್ಪವೇ ಟ್ರಾಫಿಕ್, ಆದರೆ ಪ್ರೊಸೆಸರ್ ಪೂರ್ತಿ ಬಂದಿ.

ಮರುವರ್ಷ ಜೂನ್‌ನಲ್ಲಿ ನೆಟ್‌ಫ್ಲಿಕ್ಸ್‌ನ ಜೊನಾಥನ್ ಲೂನಿ ಹೊರಗಿಟ್ಟದ್ದು ಇನ್ನೂ ಗಂಭೀರ. ಕಳಿಸಿ ಕಾಯುತ್ತಿರುವ ದತ್ತಾಂಶವನ್ನು ಲಿನಕ್ಸ್ ಒಂದೇ ಪ್ಯಾಕೆಟ್ ರಚನೆಯಲ್ಲಿ 17 ತುಂಡುಗಳವರೆಗೆ ಸೇರಿಸಿಡಬಲ್ಲದು. ಒಂದು ತುಂಡು 32 ಕೆಬಿವರೆಗೆ. ಆಚೆಯವನು ‘ನನಗೆ 48 ಬೈಟ್‌ಗಿಂತ ದೊಡ್ಡ ತುಣುಕು ಬೇಡ’ ಎಂದು ಸಂಪರ್ಕದ ಆರಂಭದಲ್ಲೇ ಹೇಳಿದರೆ, ಅದರಲ್ಲಿ 40 ಬೈಟ್ ಟಿಸಿಪಿಯ ಐಚ್ಛಿಕ ವಿವರಗಳಿಗೆ ಹೋಗಿ ದತ್ತಾಂಶಕ್ಕೆ 8 ಬೈಟ್ ಮಾತ್ರ ಉಳಿಯುವಂತೆ ಮಾಡಬಹುದು. 17 ತುಂಡು, ತಲಾ 32 ಕೆಬಿ, ಎಂಟೆಂಟು ಬೈಟ್‌ನ ಚೂರು: ಒಟ್ಟು 69632 ಚೂರು. ಅವನ್ನು ಎಣಿಸಲು ಇಟ್ಟಿದ್ದ ಜಾಗ 16 ಬಿಟ್, ಅದರಲ್ಲಿ 65535ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಎಣಿಕೆ ಸುತ್ತು ಹೊಡೆದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಕರ್ನೆಲ್ ತನ್ನ ಲೆಕ್ಕ ಹೊಂದದ್ದನ್ನು ಕಂಡು ಇಡೀ ಯಂತ್ರವನ್ನು ನಿಲ್ಲಿಸಿಬಿಡುತ್ತದೆ. ದೂರದಲ್ಲಿ ಕೂತವನೊಬ್ಬ ಕೆಲವೇ ಪ್ಯಾಕೆಟ್‌ಗಳಿಂದ ಸರ್ವರ್ ಕೆಡವಬಹುದಾಗಿದ್ದ ಇದಕ್ಕೆ ಸ್ಯಾಕ್ ಪ್ಯಾನಿಕ್ ಎಂದು ಹೆಸರಾಯಿತು.

ಅದರ ಜೊತೆ ಹೊರಬಿದ್ದ ಇನ್ನೊಂದು ದೋಷದ ದುರಸ್ತಿಯ ಕಥೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಸೆಂಡ್ ಬಫರ್‌ನಲ್ಲಿರುವುದನ್ನು ಚೂರುಚೂರು ಮಾಡಿಸಿ ಮೆಮೊರಿ ತಿನ್ನಿಸುವುದನ್ನು ತಡೆಯಲು, ಖರ್ಚಾದ ಮೆಮೊರಿ ಸೆಂಡ್ ಬಫರ್ ಮಿತಿಯ ಎರಡರಷ್ಟನ್ನು ದಾಟಿದರೆ ಇನ್ನು ತುಂಡು ಮಾಡುವುದಿಲ್ಲ ಎಂಬ ನಿಯಮ ತಂದರು. ನ್ಯಾಯವಾಗಿಯೇ ಕಾಣುತ್ತದೆ. ಆದರೆ ಬೇರೆ ಬೇರೆ ಕಾರಣಕ್ಕೆ ಸೆಂಡ್ ಬಫರ್ ಅನ್ನು ಬಹಳ ಚಿಕ್ಕದಾಗಿ ಇಟ್ಟುಕೊಂಡ ಪ್ರೋಗ್ರಾಂಗಳಿದ್ದವು. ಅವುಗಳ ವಿಷಯದಲ್ಲಿ ಒಂದೇ ದೊಡ್ಡ ಪ್ಯಾಕೆಟ್ ರಚನೆ ಆ ಗಡಿಯನ್ನು ದಾಟಿಬಿಡುತ್ತಿತ್ತು. ಕಳೆದುಹೋದದ್ದನ್ನು ತುಂಡು ಮಾಡಿ ಮತ್ತೆ ಕಳಿಸಲು ಅನುಮತಿಯೇ ಇಲ್ಲದೆ ಸಂಪರ್ಕ ನಿಂತಲ್ಲೇ ನಿಲ್ಲುತ್ತಿತ್ತು. ಮುಂದಿನ ಕೆಲವೇ ವಾರಗಳಲ್ಲಿ ನಿಯಮವನ್ನು ಸಡಿಲಿಸಿ, ದೊಡ್ಡ ಪ್ಯಾಕೆಟ್ ಒಂದೆರಡಕ್ಕೆ ಹೆಚ್ಚುವರಿ ಅವಕಾಶ ಸೇರಿಸಬೇಕಾಯಿತು. ದಾಳಿಕೋರನನ್ನೂ ಚಿಕ್ಕ ಬಫರ್‌ನ ಸಾಧು ಪ್ರೋಗ್ರಾಂ ಅನ್ನೂ ಒಂದೇ ಸಂಖ್ಯೆಯಿಂದ ಬೇರ್ಪಡಿಸುವುದು ಅಷ್ಟು ಕಷ್ಟ.

ಮಾತು ಬೈಟ್‌ಗಳಲ್ಲಿ, ಖರ್ಚು ಮೆಮೊರಿಯಲ್ಲಿ ಎಂಬ ಮೂಲ ಗಂಟನ್ನು ಬಿಡಿಸುವ ಎರಡು ಪ್ರಯತ್ನಗಳು ಲಿನಕ್ಸ್‌ನಲ್ಲಿ 2023ರಲ್ಲಿ ನಡೆದವು. ಅದುವರೆಗೆ ಮೆಮೊರಿಯಲ್ಲಿ ಇಂತಿಷ್ಟು ಪಾಲು ಮೇಲುಖರ್ಚಿಗೆ ಹೋಗುತ್ತದೆಂಬ ಸ್ಥಿರವಾದ ಅಂದಾಜಿನ ಮೇಲೆ, ಸಾಮಾನ್ಯವಾಗಿ ಅರ್ಧಕ್ಕರ್ಧ ಎಂದಿಟ್ಟುಕೊಂಡು, ಕರ್ನೆಲ್ ವಿಂಡೊವನ್ನು ಘೋಷಿಸುತ್ತಿತ್ತು. ಡ್ಯುಮಾಜೆ ಅದನ್ನು ತೆಗೆದುಹಾಕಿ, ಪ್ರತಿ ಸಾಕೆಟ್‌ಗೂ ನಿಜವಾಗಿ ಬರುತ್ತಿರುವ ಪ್ಯಾಕೆಟ್‌ಗಳಲ್ಲಿ ದತ್ತಾಂಶ ಎಷ್ಟು, ಟ್ರೂಸೈಜ್ ಎಷ್ಟು ಎಂದು ಅಳೆದು ಆ ಅನುಪಾತದಲ್ಲೇ ಮಾತು ಕೊಡುವಂತೆ ಮಾಡಿದರು. ಬರ್ಕ್ಲಿಯವರು ಊಹೆಯಿಂದ ಹಾಕಿದ್ದ ‘ಎರಡರಷ್ಟು’ ಎಂಬುದರ ಜಾಗಕ್ಕೆ ಕೊನೆಗೂ ಅಳತೆ ಬಂತು. ಅಳೆಯುವುದು ನಿನ್ನೆ ಬಂದ ಪ್ಯಾಕೆಟ್‌ಗಳನ್ನು, ಮಾತು ಕೊಡುವುದು ನಾಳೆ ಬರುವವಕ್ಕೆ, ಆದ್ದರಿಂದ ಅಂತರ ಕುಗ್ಗಿದೆಯೇ ಹೊರತು ಪೂರ್ತಿ ಮುಚ್ಚಿಲ್ಲ.

ಇನ್ನೊಂದು ಪ್ರಯತ್ನ ಕ್ಲೌಡ್‌ಫ್ಲೇರ್ ಎಂಬ ಕಂಪನಿಯ ಕಡೆಯಿಂದ ಬಂದದ್ದು, ಹೆಚ್ಚು ದಿಟ್ಟವಾದದ್ದು. ದೊಡ್ಡ ವಿಂಡೊ ಕೊಟ್ಟ ಮೇಲೆ ಕಳಿಸುವವನು ಸಣ್ಣಸಣ್ಣ ಪ್ಯಾಕೆಟ್ ಸುರಿಯತೊಡಗಿದರೆ ಕರ್ನೆಲ್ ಮುಂದೆ ಇದ್ದದ್ದು ಎರಡೇ ದಾರಿ: ಮೆಮೊರಿ ಮಿತಿಯನ್ನು ಮೀರುವುದು, ಇಲ್ಲವೇ ತಾನೇ ತರಿಸಿಕೊಂಡ ಪ್ಯಾಕೆಟ್‌ಗಳನ್ನು ಬಿಸಾಡುವುದು. ಅವರು ಮೂರನೆಯದನ್ನು ಸೇರಿಸಿದರು. ಟಿಸಿಪಿ ಶ್ರಿಂಕ್ ವಿಂಡೊ ಎಂಬ ಆಯ್ಕೆಯನ್ನು ಚಾಲೂ ಮಾಡಿದರೆ ಅಂಥ ಇಕ್ಕಟ್ಟಿನಲ್ಲಿ ಕರ್ನೆಲ್ ಕೊಟ್ಟ ವಿಂಡೊವನ್ನು ಹಿಂದಕ್ಕೆಳೆದುಕೊಳ್ಳುತ್ತದೆ, 1981ರ ದಾಖಲೆ ಬೇಡವೆಂದದ್ದನ್ನೇ ಮಾಡುತ್ತದೆ. ಕಳಿಸುವ ಕಡೆಯ ಟಿಸಿಪಿ ಇಂಥದ್ದನ್ನು ತಾಳಿಕೊಳ್ಳಲು ಸಿದ್ಧವಿರಬೇಕೆಂದು ಆ ದಾಖಲೆಯೇ ಹೇಳಿರುವುದರಿಂದ ಇದು ನಡೆಯುತ್ತದೆ. ಆದರೂ ಲೋಕದ ಎಲ್ಲ ಹಳೆಯ ಯಂತ್ರಗಳು ಇದಕ್ಕೆ ಹೇಗೆ ಓಗೊಡುತ್ತವೆಂದು ಯಾರೂ ಖಾತರಿ ಕೊಡಲಾರರು. ಆದ್ದರಿಂದ ಆ ಆಯ್ಕೆಯನ್ನು ಮಾಮೂಲಿಯಾಗಿ ಬಂದ್ ಮಾಡಿಯೇ ಇಟ್ಟಿದ್ದಾರೆ, ಹಾಗೆ ಇಟ್ಟದ್ದು ಸರಿಯೆಂದೇ ನನಗೂ ಅನಿಸುತ್ತದೆ. ಲಕ್ಷಾಂತರ ಸಂಪರ್ಕಗಳ ಹೊರೆ ಹೊತ್ತು, ತಮ್ಮ ಯಂತ್ರದ ಅಂಕಿಅಂಶಗಳನ್ನು ದಿನವೂ ನೋಡುವವರು ಅದನ್ನು ತಾವಾಗಿ ತೆರೆದುಕೊಳ್ಳಲಿ.